‘ಸ್ವಇಚ್ಛೆಯಿಂದ’

ತಾಲ್ಲೂಕು ಕಚೇರಿ ಎದುರಿಗೆ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಹದಿನೆಂಟು ವರ್ಷದಿಂದ ಅಲ್ಲೇ ಕೂತು ಬೇರೆಯವರ ಅರ್ಜಿ ಟೈಪ್ ಮಾಡುತ್ತಿದ್ದೇನೆ. ಪಹಣಿ ತಿದ್ದುಪಡಿ, ಪೋಡಿ, ವಿಧವಾ ವೇತನ, ವಂಶವೃಕ್ಷದ ಅಫಿಡವಿಟ್ಟು. ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಇವನ್ನೆಲ್ಲ ‘ನುಡಿ’ ಸಾಫ್ಟ್‌ವೇರಿನಲ್ಲಿ ಕಣ್ಣು ಮುಚ್ಚಿಕೊಂಡು ಹೊಡೆಯುತ್ತೇನೆ. ಬರೆಸಲು ಬಂದವರ ಕಷ್ಟ ಕಿವಿಗೆ ಬೀಳುತ್ತದೆ, ಆದರೆ ಕೈ ನಿಲ್ಲುವುದಿಲ್ಲ. ನಿಂತರೆ ಹಿಂದಿನವರು ಗೊಣಗುತ್ತಾರೆ.

ಎರಡು ವರ್ಷದ ಹಿಂದೆ, ಡಿಸೆಂಬರ್‌ನ ಒಂದು ಮಂಗಳವಾರ, ಒಬ್ಬ ಹೆಂಗಸು ಬಂದರು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು, ಕೊರಳಲ್ಲಿ ಐಡಿ ಕಾರ್ಡ್ ಇನ್ನೂ ಹಾಗೇ ನೇತಾಡುತ್ತಿತ್ತು. ಮಡಚಿದ ಒಂದು ಚೀಟಿ ಕೊಟ್ಟು “ಹಿಂಗೇ ಇರಬೇಕಂತೆ ಅಣ್ಣ” ಅಂದರು. ಸ್ಕೂಲಿನವರೇ ಬರೆದುಕೊಟ್ಟ ಒಕ್ಕಣೆ. ‘ವೈಯಕ್ತಿಕ ಕಾರಣಗಳಿಂದ ನನ್ನ ಮಗನನ್ನು ತಮ್ಮ ಶಾಲೆಯಲ್ಲಿ ಮುಂದುವರಿಸಲು ಸಾಧ್ಯವಾಗುತ್ತಿಲ್ಲ. ಆದ್ದರಿಂದ ಸ್ವಇಚ್ಛೆಯಿಂದ ವರ್ಗಾವಣೆ ಪತ್ರ ಕೋರುತ್ತಿದ್ದೇನೆ.’ ವರ್ಷದ ಮಧ್ಯದಲ್ಲಿ ಟಿಸಿ ಯಾಕೆ ಅಂತ ನಾನು ಕೇಳಲಿಲ್ಲ. ಟೈಪ್ ಮಾಡಿದೆ, ಪ್ರಿಂಟ್ ಕೊಟ್ಟೆ, ಮೂವತ್ತು ರೂಪಾಯಿ ತಗೊಂಡೆ. ಸಹಿ ಹಾಕಲು ಪೆನ್ನು ಕೊಟ್ಟವನೂ ನಾನೇ.

ಗುರುವಾರ ಅದೇ ಸ್ಕೂಲಿನಿಂದ ನನಗೆ ಫೋನ್ ಬಂತು. “ನಿಮ್ಮ ಮಗನ ವಿಷಯ, ಈಗಲೇ ಬನ್ನಿ.”

ನಮ್ಮ ದೊಡ್ಡವನು ಆಗ ಒಂಬತ್ತನೇ ಕ್ಲಾಸು. ಚಿಕ್ಕವನು ಅದೇ ಸ್ಕೂಲಲ್ಲಿ ಆರನೇದು. ಖಾಸಗಿ ಸ್ಕೂಲು, ಅನುದಾನ ಇಲ್ಲದ್ದು. ಫೀಸು ಕಟ್ಟುವಾಗ ಉಸಿರು ಬಿಗಿಹಿಡಿದುಕೊಂಡೇ ಕಟ್ಟುತ್ತಿದ್ದೆವು.

ಪ್ರಿನ್ಸಿಪಾಲರ ಕೋಣೆಯ ಹೊರಗೆ, ನೀರಿನ ಫಿಲ್ಟರ್ ಪಕ್ಕದ ಬೆಂಚಿನ ಮೇಲೆ ದೊಡ್ಡವನು ತಲೆ ತಗ್ಗಿಸಿ ಕೂತಿದ್ದ. ಒಳಗೆ ಮೇಜಿನ ಮೇಲೆ ಒಂದು ಪ್ರಿಂಟ್. ವಾಟ್ಸಾಪ್‌ನ ಸ್ಕ್ರೀನ್‌ಶಾಟ್. ಗಣಿತದ ಮೇಷ್ಟ್ರು ಶಾಲಾ ವಾರ್ಷಿಕೋತ್ಸವದ ದಿನ ಮುಂದಿನ ಸಾಲಲ್ಲಿ ಕೂತು ಬಾಯಿ ತೆರೆದು ಆಕಳಿಸುತ್ತಿರುವ ಫೋಟೋ. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಇನ್ನೂ ಎಷ್ಟು ಪೀರಿಯಡ್ ಇದೆ ಗುರೂ?’ ಕೆಳಗೆ ನನ್ನ ಮಗನ ಹೆಸರಿನಿಂದ ನಗುವ ಮುಖಗಳ ಸಾಲು. ಒಂದಲ್ಲ, ಏಳು ನಗುವ ಮುಖ. ನನಗೆ ಆ ಏಳನ್ನು ನೋಡಿಯೇ ಸಿಟ್ಟು ಏರಿದ್ದು.

“ಇದನ್ನ ಮಾಡಿದ್ದು ಇಬ್ಬರು. ಒಬ್ಬನ ತಾಯಿ ಆಗಲೇ ಟಿಸಿಗೆ ಬರೆದುಕೊಟ್ಟು ಹೋಗಿದ್ದಾರೆ. ನೀವೂ ಗೌರವಸ್ಥರು, ಗಲಾಟೆ ಬೇಡ” ಅಂದರು ಪ್ರಿನ್ಸಿಪಾಲರು. ಮೇಜಿನ ಮೇಲಿಂದ ಒಂದು ಹಾಳೆ ನನ್ನ ಕಡೆ ಸರಿಸಿದರು. ನೋಡಿದರೆ ನಾನು ಮಂಗಳವಾರ ಹೊಡೆದ ಪತ್ರವೇ. ಅದೇ ಫಾಂಟು, ಅದೇ ಮಾರ್ಜಿನ್ನು. ನನ್ನ ಪ್ರಿಂಟರಿನಲ್ಲಿ ಎಡಗಡೆ ಒಂದು ತೆಳ್ಳನೆ ಕಪ್ಪು ಗೆರೆ ಬರುತ್ತಿತ್ತು ಆಗ, ಡ್ರಮ್ ಹಳೆಯದಾಗಿತ್ತು. ಆ ಗೆರೆಯೂ ಇತ್ತು. ಅದರ ಜೆರಾಕ್ಸ್ ತೆಗೆದು, ಹೆಸರು ಮತ್ತು ಸಹಿಯ ಜಾಗಕ್ಕೆ ವೈಟ್ನರ್ ಹಚ್ಚಿ, ನನಗೆ ಕೊಟ್ಟಿದ್ದರು.

ನಾನು ಆಗಲೂ ಏನೂ ಯೋಚಿಸಲಿಲ್ಲ ಅನ್ನುವುದನ್ನು ಮುಚ್ಚಿಡುವುದಿಲ್ಲ. ನಾಚಿಕೆಯಿಂದ ಮೈ ಬೆವೆತಿತ್ತು. ಹೊರಗೆ ಬಂದೆ, ಬೆಂಚಿನ ಹತ್ತಿರ ಹೋಗಿ ಮಗನ ಕೆನ್ನೆಗೆ ಬಾರಿಸಿದೆ. ಎಂಟನೇ ಕ್ಲಾಸಿನ ಹುಡುಗಿಯರು ನೀರು ಹಿಡಿಯುತ್ತಿದ್ದವರು ಬಾಟಲಿ ಬಿಟ್ಟು ಹಿಂದೆ ಸರಿದರು. ಅವನು ಏನೋ ಹೇಳಲು ಬಾಯಿ ತೆರೆದ. “ಬಾಯ್ಮುಚ್ಚು” ಅಂದೆ. ಪ್ರಿನ್ಸಿಪಾಲರೂ ಅವನನ್ನು ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಸಹಿಯನ್ನಾದರೂ ಅಲ್ಲೇ ಹಾಕಿಬಿಡುತ್ತಿದ್ದೆ, ಕನ್ನಡಕ ಅಂಗಡಿಯಲ್ಲಿ ಬಿಟ್ಟು ಬಂದಿದ್ದೆ. “ನಾಳೆ ತಂದುಕೊಡ್ತೀನಿ” ಅಂತ ಹಾಳೆ ಜೇಬಿಗೆ ಹಾಕಿಕೊಂಡೆ. ಕನ್ನಡಕ ಮರೆತಿದ್ದೇ ಒಳ್ಳೆಯದಾಯಿತು.

ರಾತ್ರಿ ಅವನನ್ನು ಕೇಳಿದವಳು ನಮ್ಮನೆಯವಳು. ಕೂಗಾಡಲಿಲ್ಲ. ಅನ್ನ ಸಾರು ಬಡಿಸಿ, ಎದುರಿಗೆ ಕೂತು, “ಏನಾಯ್ತೋ, ಮೊದಲಿಂದ ಹೇಳು” ಅಂದಳು. ನಾನು ಟಿವಿ ಕಡೆ ಮುಖ ಮಾಡಿ ಕೂತಿದ್ದೆ, ಕಿವಿ ಮಾತ್ರ ಇತ್ತ. ಕ್ಲಾಸಿನ ಹುಡುಗರ ಗ್ರೂಪಿಗೆ ಆ ಫೋಟೋ ಬಂತಂತೆ. ಇವನು ಅದನ್ನು ಟ್ಯೂಷನ್ ಗ್ರೂಪಿಗೆ ಕಳಿಸಿ ನಗುವ ಮುಖ ಹಾಕಿದನಂತೆ. ಅಲ್ಲಿಂದ ಅದು ಎಲ್ಲೆಲ್ಲೋ ಹೋಯಿತಂತೆ. “ಮಾಡಿದ್ದು ನೀನಾ?” “ಇಲ್ಲಮ್ಮ.” “ಮತ್ತೆ ಯಾರು?” ಅದಕ್ಕೆ ಸುಮ್ನೆ ಕೂತ. ಅವಳೂ ಒತ್ತಾಯ ಮಾಡಲಿಲ್ಲ.

“ರೀ, ಕಳಿಸಿದ್ದು ತಪ್ಪು. ಅದಕ್ಕೆ ಏನು ಶಿಕ್ಷೆ ಕೊಡ್ತಾರೋ ಕೊಡಲಿ. ಮಾಡಿಲ್ಲದ್ದಕ್ಕೆ ಸ್ಕೂಲು ಬಿಡು ಅಂದ್ರೆ ಹೆಂಗೆ? ಅದೂ ನಾವೇ ಬಿಡ್ತೀವಿ ಅಂತ ಬರೆದುಕೊಡಬೇಕಾ?” ಅಂದಳು. ನಾನು ಜೇಬಿನಿಂದ ಹಾಳೆ ತೆಗೆದು ಮತ್ತೆ ಓದಿದೆ. ಈ ಸಲ ಕನ್ನಡಕ ಹಾಕಿಕೊಂಡು. ‘ಸ್ವಇಚ್ಛೆಯಿಂದ.’ ಆಸ್ತಿ ಹಕ್ಕು ಬಿಡುಗಡೆ ಪತ್ರದಲ್ಲಿ ಈ ಪದ ಎಷ್ಟು ಸಲ ಹೊಡೆದಿದ್ದೇನೋ ಲೆಕ್ಕವಿಲ್ಲ. ‘ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಇಚ್ಛೆಯಿಂದ.’ ತಂಗಿಯ ಕೈಯಲ್ಲಿ ಸಹಿ ಹಾಕಿಸುವ ಅಣ್ಣ ಪಕ್ಕದಲ್ಲೇ ನಿಂತಿರುತ್ತಾನೆ.

ಮಾರನೆಯ ದಿನ ನಮ್ಮ ಅಂಗಡಿಗೆ ದಿನಾ ಬರುವ ಒಬ್ಬರು ವಕೀಲರ ಹತ್ತಿರ ಹೇಳಿಕೊಂಡೆ. ಅವರ ವಕಾಲತ್ತು, ಮೆಮೋ ಎಲ್ಲ ಟೈಪ್ ಮಾಡುವವನು ನಾನೇ. ಬೈಟು ಕಾಫಿ ತರಿಸಿದೆ. ಅವರು ಪೂರ್ತಿ ಕೇಳಿ ಮೊದಲು ಕೇಳಿದ ಪ್ರಶ್ನೆ: “ಹುಡುಗ ಎಷ್ಟನೇ ಕ್ಲಾಸು?” ಒಂಬತ್ತು ಅಂದೆ. “ಚಿಕ್ಕೋನು ಮಾಡಿದ್ರೆ ಚೆನ್ನಾಗಿತ್ತಲ್ರೀ” ಅಂದು ನಕ್ಕರು.

ಅದು ತಮಾಷೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಶಿಕ್ಷಣ ಹಕ್ಕು ಕಾಯ್ದೆ ಆಗಿದ್ದು 2009ರಲ್ಲಿ, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಅದರ 16ನೇ ಕಲಮಿನ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಮಗುವನ್ನೂ ಸ್ಕೂಲಿನಿಂದ ಹೊರಹಾಕುವ ಹಾಗಿಲ್ಲ. ಫೇಲು ಮಾಡುವ ವಿಷಯದಲ್ಲಿ 2019ರಲ್ಲಿ ತಿದ್ದುಪಡಿ ಆಯಿತು, ಹೊರಹಾಕಬಾರದು ಅನ್ನುವುದು ಹಾಗೇ ಉಳಿಯಿತು. 17ನೇ ಕಲಮು ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಆದರೆ ಆ ಕಾಯ್ದೆಯ ಲೆಕ್ಕವೆಲ್ಲ 6ರಿಂದ 14 ವರ್ಷ, ಒಂದರಿಂದ ಎಂಟು. ನನ್ನ ಚಿಕ್ಕ ಮಗನಿಗೆ ಕೊಡೆ ಇದೆ, ದೊಡ್ಡವನಿಗೆ ಇಲ್ಲ. ಮೀಸೆ ಚಿಗುರುವ ವಯಸ್ಸು, ತಪ್ಪು ಜಾಸ್ತಿ ಆಗುವ ವಯಸ್ಸು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಸರಿಯಾಗಿ ಅಲ್ಲಿಗೆ ಬಂದಾಗ ಕೊಡೆ ಮಡಚಿಬಿಡುತ್ತಾರೆ. ಇದನ್ನು ಬರೆದವರಿಗೆ ಹೈಸ್ಕೂಲು ಹುಡುಗರು ಮನೆಯಲ್ಲಿ ಇರಲಿಲ್ಲವೇನೋ.

“ಹಂಗಂತ ಏನೂ ಇಲ್ಲ ಅಂತಲ್ಲ” ಅಂದರು ವಕೀಲರು. “ಯಾರನ್ನೇ ಶಿಕ್ಷಿಸೋಕೆ ಮುಂಚೆ ಅವನ ಮಾತು ಕೇಳಬೇಕು. ಸಹಜ ನ್ಯಾಯ ಅಂತಾರೆ. ಅದಕ್ಕೆ ಕ್ಲಾಸು ಲೆಕ್ಕ ಇಲ್ಲ.” ಆಮೇಲೆ ಅವರು ಶುರು ಮಾಡಿದರೆ ನಿಲ್ಲಿಸುವವರಲ್ಲ. ಉತ್ತರ ಪ್ರದೇಶದ ಒಂದು ಕೇಸು ಹೇಳಿದರು. 1954ರ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಕಾಪಿ ಹೊಡೆದರು ಅಂತ ಬೋರ್ಡು ಮೂವರು ಹುಡುಗರ ಫಲಿತಾಂಶ ರದ್ದು ಮಾಡಿತು, ಅವರನ್ನು ಒಂದು ಮಾತು ಕೇಳದೆ. ಸುಪ್ರೀಂ ಕೋರ್ಟು 1962ರಲ್ಲಿ ಇದು ನಡೆಯಲ್ಲ, ಅವರಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕಿತ್ತು ಅಂದಿತು. ಅದೇ ಕೋರ್ಟು 1970ರಲ್ಲಿ, ಬಿಹಾರದ ಒಂದು ಸೆಂಟರಿಗೆ ಸೆಂಟರೇ ಕಾಪಿ ಹೊಡೆದಾಗ, ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕಾಗಿಲ್ಲ ಅಂತಲೂ ಹೇಳಿದೆಯಂತೆ. “ಅದಕ್ಕೇ ಹೇಳೋದು, ಇಲ್ಲಿ ಬೊಟ್ಟು ಮಾಡಿ ತೋರಿಸಿರೋದು ಇಬ್ಬರನ್ನ. ಇಬ್ಬರನ್ನ ಕೇಳೋಕೆ ಏನು ಕಷ್ಟ?”

ಕೇರಳದ ಮೂವರು ಮಕ್ಕಳ ಕೇಸು ನನಗೆ ಹೆಚ್ಚು ಹಿಡಿಸಿತು. ಹತ್ತು, ಒಂಬತ್ತು, ಐದನೇ ಕ್ಲಾಸಿನ ಅಣ್ಣ ತಂಗಿಯರು. ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು. ರಾಷ್ಟ್ರಗೀತೆ ಹಾಡುವಾಗ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರ ಜುಲೈನಲ್ಲಿ ಸ್ಕೂಲಿನಿಂದ ಹೊರಗೆ ಹಾಕಿದರು. ಅವರಪ್ಪ ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 1986ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಆದೇಶ ಮಾಡಿತು. ಗೆದ್ದರು ಸರಿ. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಜುಲೈನಿಂದ ಮುಂದಿನ ಆಗಸ್ಟು. ಹದಿಮೂರು ತಿಂಗಳು. ಆ ಹತ್ತನೇ ಕ್ಲಾಸಿನ ಹುಡುಗ ಅಷ್ಟು ದಿನ ಏನು ಮಾಡುತ್ತಿದ್ದ?

ವಕೀಲರಿಗೆ ನನ್ನ ಮುಖ ನೋಡಿಯೇ ಅರ್ಥವಾಯಿತು. “ಹೈಕೋರ್ಟಿಗೆ ರಿಟ್ ಹಾಕಬಹುದು. ಖಾಸಗಿ ಸ್ಕೂಲಿನ ಮೇಲೆ ರಿಟ್ ನಿಲ್ಲುತ್ತೋ ಇಲ್ವೋ ಅನ್ನೋದೇ ಒಂದು ವಾದ. ಅಷ್ಟರಲ್ಲಿ ಹುಡುಗನ ವರ್ಷ ಹೋಗುತ್ತೆ. ಕೋರ್ಟು ಬೇಡ, ಕೋರ್ಟಿನ ಅಳತೆ ಮಾತ್ರ ಇಟ್ಕೊಳ್ಳಿ.” ಆಮೇಲೆ ಇನ್ನೊಂದು ಮಾತು ಹೇಳಿದರು. ಅಮೆರಿಕದ ಒಹಾಯೋದಲ್ಲಿ ಹೈಸ್ಕೂಲು ಹುಡುಗರನ್ನು ಹತ್ತು ದಿನದವರೆಗೆ ಸಸ್ಪೆಂಡ್ ಮಾಡಿದ್ದರಂತೆ, ವಿಚಾರಣೆ ಇಲ್ಲದೆ. ಅಲ್ಲಿನ ಸುಪ್ರೀಂ ಕೋರ್ಟು 1975ರಲ್ಲಿ, ಐದು ಜನ ಜಡ್ಜು ಆ ಕಡೆ, ನಾಲ್ಕು ಜನ ಈ ಕಡೆ ಆಗಿ, ತೀರ್ಪು ಕೊಟ್ಟಿತು. ಅಷ್ಟು ಚಿಕ್ಕ ಶಿಕ್ಷೆಗೆ ವಕೀಲರು, ಸಾಕ್ಷಿ ಏನೂ ಬೇಡ. ಹುಡುಗನ ತಪ್ಪು ಏನು ಅಂತ ಹೇಳಿ, ಬಾಯಲ್ಲಿ ಹೇಳಿದರೂ ಸಾಕು. ಅವನು ಅಲ್ಲ ಅಂದರೆ ನಿಮ್ಮ ಹತ್ತಿರ ಏನಿದೆ ತೋರಿಸಿ. ಅವನ ಕಡೆಯಿಂದ ಏನಾಯಿತು ಕೇಳಿ. ಅಷ್ಟೇ. ನಮ್ಮನೆಯವಳು ಅನ್ನ ಬಡಿಸಿ ಕೇಳಿದ್ದೂ ಅಷ್ಟೇ ತಾನೇ!

ಆ ದಿನ ಮಧ್ಯಾಹ್ನ ನನಗೋಸ್ಕರ ಒಂದು ಪತ್ರ ಟೈಪ್ ಮಾಡಲು ಕೂತೆ. ನಂಬಿದರೆ ನಂಬಿ, ಒಂದೂವರೆ ಗಂಟೆ ಹಿಡಿಯಿತು. ಮೊದಲ ಕರಡಿನಲ್ಲಿ ‘ಅನ್ಯಾಯ’, ‘ದೌರ್ಜನ್ಯ’, ‘ಉಗ್ರ ಹೋರಾಟ’ ಎಲ್ಲ ಬಂದಿತ್ತು. ವಕೀಲರು ಬಂದು ಅದನ್ನೆಲ್ಲ ಹೊಡೆದುಹಾಕಿದರು. “ನಿಮ್ಮ ಗ್ರಾಮ ಲೆಕ್ಕಿಗರು ಕಾರಣ ಕೇಳಿ ನೋಟಿಸ್‌ಗೆ ಸಮಜಾಯಿಷಿ ಬರೆಸೋಕೆ ಬರ್ತಾರಲ್ಲ, ಆ ನೋಟಿಸ್‌ನಲ್ಲಿ ಏನೇನಿರುತ್ತೋ ಅದನ್ನ ಕೇಳಿ ಸಾಕು.”

ಅದು ನನಗೆ ಹೊಳೆದೇ ಇರಲಿಲ್ಲ. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರಾಗಿದೆ, ನಮ್ಮ ಬಾಯಿಗೆ ಇನ್ನೂ ಗ್ರಾಮ ಲೆಕ್ಕಿಗರೇ. ಒಂದು ಮೀಟಿಂಗಿಗೆ ತಡವಾಗಿ ಬಂದರೂ ಅವರಿಗೆ ಲಿಖಿತ ನೋಟಿಸ್ ಬರುತ್ತದೆ. ಇಂಥ ದಿನ ಇಂಥ ಲೋಪ, ಇಷ್ಟು ದಿನದೊಳಗೆ ನಿಮ್ಮ ಸಮಜಾಯಿಷಿ ಕೊಡಿ, ತಪ್ಪಿದಲ್ಲಿ ಹೇಳುವುದೇನೂ ಇಲ್ಲವೆಂದು ಭಾವಿಸಲಾಗುವುದು. ಸಂಬಳ ತಗೊಳ್ಳುವ ದೊಡ್ಡವರಿಗೆ ಇಷ್ಟು. ಹದಿನಾಲ್ಕು ದಾಟಿದ ಹುಡುಗನಿಗೆ ಒಂದು ಚೀಟಿ ಇಲ್ಲ.

ಪತ್ರದಲ್ಲಿ ಕೇಳಿದ್ದು ಇಷ್ಟೇ. ನನ್ನ ಮಗ ಮಾಡಿದ ತಪ್ಪು ಏನು, ಬರವಣಿಗೆಯಲ್ಲಿ ತಿಳಿಸಿ. ನಿಮ್ಮ ಯಾವ ನಿಯಮದ ಪ್ರಕಾರ ಅದು ತಪ್ಪು, ಆ ನಿಯಮದಲ್ಲಿ ಶಿಕ್ಷೆ ಏನಿದೆ. ನಿಮ್ಮ ಹತ್ತಿರ ಇರುವ ಆಧಾರದ ಪ್ರತಿ ಕೊಡಿ. ತೀರ್ಮಾನಕ್ಕೆ ಮುಂಚೆ ಅವನು ನಮ್ಮ ಎದುರಿಗೆ ಹೇಳಿಕೊಳ್ಳಲು ಒಂದು ದಿನ ಕೊಡಿ. ಕೊನೆಗೆ ಒಂದು ಸಾಲು: ‘ನಾವು ಸ್ವಇಚ್ಛೆಯಿಂದ ವರ್ಗಾವಣೆ ಪತ್ರ ಕೋರುತ್ತಿಲ್ಲ.’ ಆ ‘ಇಲ್ಲ’ ಹೊಡೆಯುವಾಗ ಕೀ ಜೋರಾಗಿಯೇ ಒತ್ತಿದೆ.

ಸ್ಕೂಲಿನ ಡೈರಿಯನ್ನು ಆವತ್ತೇ ಮೊದಲ ಸಲ ಓದಿದ್ದು. ಹಿಂದಿನ ಪುಟಗಳಲ್ಲಿ ಇಂಗ್ಲಿಷಿನಲ್ಲಿ ನಿಯಮಗಳು. ಉಗುರು ಕತ್ತರಿಸಬೇಕು, ಶನಿವಾರ ಬಿಳಿ ಶೂ ಹಾಕಬೇಕು, ಮೊಬೈಲು ತರಬಾರದು. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಏನು ಮಾಡಬಾರದು ಅಂತ ಇರಲಿಲ್ಲ. ಕೊನೆಯ ನಿಯಮ, ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ. ಅದರ ಕೆಳಗೆ ಜೂನ್‌ನಲ್ಲಿ ನಾನೇ ಹಾಕಿದ ಸಹಿ.

ಪತ್ರ ಕೈಯಲ್ಲಿ ಕೊಡಲು ಹೋದರೆ ಗುಮಾಸ್ತರು ತಗೊಂಡರು, ಆದರೆ ಸ್ವೀಕೃತಿ ಸೀಲು ಹಾಕಿಕೊಡಲಿಲ್ಲ. “ಮೇಡಂ ಇಲ್ಲ” ಅಂದರು. ಮೇಡಂ ಒಳಗೆ ಮಾತಾಡುವುದು ಕೇಳುತ್ತಿತ್ತು. ಶನಿವಾರ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ, ಸ್ವೀಕೃತಿ ಕಾರ್ಡ್ ಸಮೇತ. ಆಗಿನ್ನೂ ರಿಜಿಸ್ಟರ್ಡ್ ಪೋಸ್ಟ್ ಬೇರೆಯಾಗಿತ್ತು, ಈಗ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಆ ಹಳದಿ ಕಾರ್ಡು ಸಹಿಯಾಗಿ ವಾಪಸ್ ಬಂದದ್ದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಈ ದಿನಗಳಲ್ಲಿ ಮಗನನ್ನು ಕ್ಲಾಸಿಗೆ ಬಿಡುತ್ತಿರಲಿಲ್ಲ. ಸಸ್ಪೆಂಡ್ ಅಂತಲೂ ಯಾರೂ ಹೇಳಲಿಲ್ಲ. “ಅಪ್ಪ ಟಿಸಿ ಲೆಟರ್ ತರೋವರೆಗೂ ಹೊರಗಿರು” ಅಷ್ಟೇ. ವಕೀಲರು ಒಂದು ಮಾತು ಗಟ್ಟಿಯಾಗಿ ಹೇಳಿದ್ದರು: ಮನೆಯಲ್ಲಿ ಮಾತ್ರ ಕೂರಿಸಬೇಡಿ, ನೀವೇ ಕಳಿಸಲಿಲ್ಲ ಅಂದುಬಿಡ್ತಾರೆ. ಹಾಗಾಗಿ ಅವನು ದಿನಾ ಯೂನಿಫಾರಂ ಹಾಕಿಕೊಂಡು, ಬುತ್ತಿ ಕಟ್ಟಿಸಿಕೊಂಡು, ಹೋಗಿ ಆ ನೀರಿನ ಫಿಲ್ಟರ್ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದ. ಸಂಜೆ ಬಂದು ಏನೂ ಹೇಳುತ್ತಿರಲಿಲ್ಲ. ನಾನು ಹೊಡೆದ ಮೇಲೆ ನನ್ನ ಜೊತೆ ಮಾತು ಕಮ್ಮಿಯಾಗಿತ್ತು. ಮಂಗಳವಾರ ಮಾತ್ರ ತಮ್ಮನ ಹತ್ತಿರ ಹೇಳುತ್ತಿದ್ದ, ಬೆಲ್ ಹೊಡೆಯುವ ಅಟೆಂಡರ್ ತಾತನಿಗೆ ಮಂಡಿ ನೋವಂತೆ, ಎದ್ದು ಹೋಗಲು ಕಷ್ಟ ಅಂತ ಇವನ ಕೈಯಲ್ಲೇ ಪೀರಿಯಡ್ ಬೆಲ್ ಹೊಡೆಸುತ್ತಿದ್ದಾರಂತೆ. ಕ್ಲಾಸಿಗೆ ಹೋಗಬೇಡ ಅಂದ ಹುಡುಗ ಇಡೀ ಸ್ಕೂಲಿಗೆ ಕ್ಲಾಸು ಶುರುವಾಯಿತು ಅಂತ ಹೇಳುತ್ತಿದ್ದ. ಚಿಕ್ಕವನಿಗೆ ಅದು ದೊಡ್ಡ ಹೆಮ್ಮೆಯಾಗಿಬಿಟ್ಟಿತ್ತು.

ನಾದಿನಿ ಫೋನ್ ಮಾಡಿ 1098ಕ್ಕೆ ಹೇಳಿ ಅಂದಳು, ಮಕ್ಕಳ ಸಹಾಯವಾಣಿ. ಇನ್ಯಾರೋ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ ಅಂದರು, ಇನ್ಯಾರೋ ಟಿವಿಯವರನ್ನು ಕರೆಸಿ ಅಂದರು. ಟಿವಿಯವರು ಬಂದಿದ್ದರೆ ಗಣಿತದ ಮೇಷ್ಟ್ರ ಆಕಳಿಕೆ ರಾಜ್ಯಕ್ಕೆಲ್ಲ ಕಾಣುತ್ತಿತ್ತು, ಅಷ್ಟೇ ಲಾಭ. ನಾನು ಸೋಮವಾರ ಬಿಇಓ ಕಚೇರಿಗೆ ಹೋದೆ. ಅಲ್ಲಿ ಟಪಾಲು ನೋಡುವವರು ನಮ್ಮ ಗಿರಾಕಿ. ಸೀಲು ಒತ್ತಿ ನಂಬರು ಹಾಕಿಕೊಟ್ಟರು. ಬುಧವಾರ ಶಿಕ್ಷಣ ಸಂಯೋಜಕರು ನನ್ನನ್ನು ಕರೆದು, “ಒಂಬತ್ತನೇ ಕ್ಲಾಸು ಆರ್‌ಟಿಇಗೆ ಬರಲ್ಲ ಅಲ್ವೇನ್ರೀ? ಖಾಸಗಿಯವರಿಗೆ ನಾವೇನು ಹೇಳೋಣ?” ಅಂದರು. ನಾನು ಜಗಳಕ್ಕೆ ಹೋಗಲಿಲ್ಲ. “ಸಾರ್, ತಪ್ಪಿದ್ದರೆ ಹೊರಗೆ ಹಾಕಲಿ. ಹೊರಗೆ ಹಾಕಿದ್ದೀವಿ ಅಂತ ಅವರೇ ಬರೆದುಕೊಡಲಿ. ನನ್ನ ಕೈಯಲ್ಲಿ ಯಾಕೆ ಬರೆಸಿಕೊಳ್ತಾರೆ?” ಅಂದೆ. ಆ ವೈಟ್ನರ್ ಹಚ್ಚಿದ ಜೆರಾಕ್ಸ್ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ವೈಟ್ನರ್ ಕೆಳಗೆ ಆ ಇನ್ನೊಬ್ಬ ತಾಯಿಯ ಹೆಸರು ಮಸುಕಾಗಿ ಕಾಣುತ್ತಿತ್ತು. “ಇದು ಚೆನ್ನಾಗಿಲ್ಲ” ಅಂದರು. ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಸ್ಕೂಲಿಗೆ ಹೋದರು. ಗುರುವಾರ ಸಂಜೆ ಸ್ಕೂಲಿನಿಂದ ಮೆಸೇಜ್ ಬಂತು. ಶನಿವಾರ, ಬೆಳಗಿನ ಸ್ಕೂಲು ಬಿಟ್ಟ ಮೇಲೆ ಪೋಷಕರು ವಿದ್ಯಾರ್ಥಿಯೊಂದಿಗೆ ಬರುವುದು.

ವಿಚಾರಣೆ ಅಂದರೆ ಏನೋ ಅಂದುಕೊಂಡಿದ್ದೆ. ಸ್ಟಾಫ್ ರೂಮಿನ ಉದ್ದ ಮೇಜು, ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ತಿದ್ದಿದ ಉತ್ತರ ಪತ್ರಿಕೆಗಳ ಕಟ್ಟು. ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಕಾರ್ಯದರ್ಶಿ, ಕ್ಲಾಸ್ ಟೀಚರ್, ಗಣಿತದ ಮೇಷ್ಟ್ರು. ಈ ಕಡೆ ನಾವು ಮೂವರು. ಕಾರ್ಯದರ್ಶಿಯವರು ಬಿಳಿ ಪಂಚೆಯ ಹಿರಿಯರು. “ನೋಡಿ ಯಜಮಾನ್ರೇ, ನೀವು ಬಿಇಓ ತನಕ ಹೋಗಬಾರದಿತ್ತು” ಅಂತ ಶುರು ಮಾಡಿದರು. ನಮ್ಮನೆಯವಳು “ಸಾರ್, ಮೊದಲು ಹುಡುಗನ್ನ ಕೇಳಿ” ಅಂದಳು.

ಸ್ಕ್ರೀನ್‌ಶಾಟ್ ಮುಂದೆ ಇಟ್ಟರು. ಈ ಸಲ ನಾನು ಅದನ್ನು ಡಿಟಿಪಿ ಮಾಡುವವನ ಕಣ್ಣಲ್ಲಿ ನೋಡಿದೆ. ಫೋಟೋದ ಮೇಲ್ಗಡೆ, ಸಣ್ಣ ಓರೆ ಅಕ್ಷರದಲ್ಲಿ, ಒಂದು ಬಾಣದ ಗುರುತಿನ ಜೊತೆ, ‘ಫಾರ್ವರ್ಡೆಡ್’ ಅಂತ ಇತ್ತು. ಹತ್ತು ದಿನದಿಂದ ಮೇಜಿನ ಮೇಲೆ ಇದ್ದ ಹಾಳೆ. ಯಾರೂ ನೋಡಿರಲಿಲ್ಲ. ಬೆರಳಿಟ್ಟು ತೋರಿಸಿದೆ. ಕಾರ್ಯದರ್ಶಿಯವರು ಮೊಬೈಲ್ ಬಲ್ಲವರೇ ಇರಬೇಕು, “ಅವನೇ ಮಾಡಿ ಇನ್ನೊಬ್ಬನ ಕೈಯಲ್ಲಿ ಗ್ರೂಪಿಗೆ ಹಾಕಿಸಿ, ಅಲ್ಲಿಂದ ಇನ್ನೊಂದಕ್ಕೆ ಕಳಿಸಿರಬಹುದಲ್ಲ?” ಅಂದರು. ಅದೂ ಸರಿಯೇ. ಅದನ್ನು ನಾನು ಅಲ್ಲಗಳೆಯಲು ಆಗಲಿಲ್ಲ. “ಆಗಿರಬಹುದು ಸಾರ್. ಅದನ್ನೇ ಅವನನ್ನ ಕೇಳಿ.”

ಕೇಳಿದರು. ಮಗ ಎದ್ದು ನಿಂತ. ಕೈ ಬೆನ್ನ ಹಿಂದೆ. ಬಂದದ್ದನ್ನು ಕಳಿಸಿದೆ, ನಕ್ಕಿದ್ದು ನಿಜ, ಮಾಡಿದ್ದು ನಾನಲ್ಲ ಅಂದ. ಮತ್ತೆ ಯಾರು ಅಂದರು. ಹೇಳಲ್ಲ ಅಂದ. ಪ್ರಿನ್ಸಿಪಾಲರಿಗೆ ಸಿಟ್ಟು ಬಂತು. ಆ ಸಿಟ್ಟು ನನಗೂ ಅರ್ಥವಾಯಿತು, ನನಗೂ ಬಂದಿತ್ತು. ಆಗ ಅಲ್ಲಿಯವರೆಗೆ ಸುಮ್ಮನಿದ್ದ ಗಣಿತದ ಮೇಷ್ಟ್ರು ಬಾಯಿ ಬಿಟ್ಟರು. ಅವರು ಪ್ರಿನ್ಸಿಪಾಲರ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ, ಹುಡುಗನ ಹತ್ತಿರ ಮಾತ್ರ ಮಾತಾಡಿದರು.

“ಆ ದಿನ ಬೆಳಿಗ್ಗೆ ನಾಲ್ಕು ಗಂಟೆಯಿಂದ ಶಾಮಿಯಾನ ಹಾಕಿಸ್ತಾ ಇದ್ದೆ ಕಣಪ್ಪ. ಆಕಳಿಕೆ ಬಂತು. ಅದಿರಲಿ. ನನ್ನ ಮಗಳು ಇಲ್ಲೇ ಏಳನೇ ಕ್ಲಾಸು, ನಿನಗೆ ಗೊತ್ತಲ್ಲ. ಅವಳ ಕ್ಲಾಸಲ್ಲಿ ಹುಡುಗರು ಅವಳನ್ನ ನೋಡಿದ ಕೂಡಲೇ ಆಕಳಿಸ್ತಾರೆ. ಒಂದು ವಾರದಿಂದ ಸ್ಕೂಲಿಗೆ ಬರಲ್ಲ ಅಂತಾಳೆ. ಅದನ್ನ ನಿನಗೆ ಹೇಳಬೇಕು ಅಂತ ಇದ್ದೆ, ನಿನ್ನನ್ನ ನನ್ನ ಹತ್ತಿರ ಕಳಿಸಲೇ ಇಲ್ಲ ಇವರು.”

ಮಗನ ಮುಖ ಆಗ ಹೋಗಿದ್ದು. ನಾನು ಹೊಡೆದಾಗ ಹೋಗಿರಲಿಲ್ಲ, ಎಂಟು ದಿನ ಬೆಂಚಿನ ಮೇಲೆ ಕೂರಿಸಿದಾಗ ಹೋಗಿರಲಿಲ್ಲ. ಅವನು ಸಾರಿ ಸಾರ್ ಅಂತ ಕೂಡ ಹೇಳಲಿಲ್ಲ, ಗಂಟಲು ಕಟ್ಟಿತ್ತು. ನಾನು ಈ ವಿಚಾರಣೆ ಬೇಡಿದ್ದು ಮಗನ ಪರವಾಗಿ. ಮೇಷ್ಟ್ರೂ ಅದನ್ನೇ ಕಾಯುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಬೇಗ ಮುಗಿಯಿತು. ಕಾರ್ಯದರ್ಶಿಯವರು ಪುಸ್ತಕದಲ್ಲಿ ಬರೆದರು, ಪ್ರತಿ ಕೊಟ್ಟರು. ಚಿತ್ರ ತಯಾರಿಸಿದ್ದು ಸಾಬೀತಾಗಿಲ್ಲ, ಹಂಚಿದ್ದು ಒಪ್ಪಿಕೊಂಡಿದ್ದಾನೆ, ಎಚ್ಚರಿಕೆ ನೀಡಲಾಗಿದೆ, ಪೋಷಕರಿಂದ ಮುಚ್ಚಳಿಕೆ ಪಡೆಯಲಾಗಿದೆ, ಆ ವರ್ಷದ ಕ್ರೀಡಾ ತಂಡದಿಂದ ಹೆಸರು ತೆಗೆಯಲಾಗಿದೆ. ಕಬಡ್ಡಿಯಲ್ಲಿ ಅವನು ರೈಡರ್. ಅದು ಅವನಿಗೆ ನೋವಾಯಿತು, ನನಗೆ ಸರಿ ಅನ್ನಿಸಿತು. ಸೋಮವಾರ ಏಳನೇ ಕ್ಲಾಸಿಗೆ ಹೋಗಿ ಆ ಹುಡುಗಿಯ ಎದುರಿಗೆ ಕ್ಷಮೆ ಕೇಳುತ್ತೇನೆ ಅಂತ ಅವನೇ ಅಂದ. ಮೇಷ್ಟ್ರು ಬೇಡ ಅಂದರು, ಅವಳಿಗೆ ಇನ್ನೂ ಮುಜುಗರವಾಗುತ್ತೆ, ಒಂದು ಚೀಟಿ ಬರೆದುಕೊಡು ನಾನು ಕೊಡ್ತೀನಿ ಅಂದರು. ನನ್ನ ಅಂಗಡಿಯಲ್ಲಿ ಕೂತು ಕೈಯಲ್ಲೇ ಬರೆದ. ಏನು ಬರೆದ ಅಂತ ನಾನು ಓದಲಿಲ್ಲ.

ಬೆಂಚಿನ ಮೇಲೆ ಕೂತ ಎಂಟು ದಿನದ ಹಾಜರಾತಿ ಮಾತ್ರ ಸಿಗಲಿಲ್ಲ. ಸ್ಕೂಲಿಗೆ ಬಂದಿದ್ದಾನೆ, ಬೆಲ್ಲೂ ಹೊಡೆದಿದ್ದಾನೆ, ಆದರೆ ಪುಸ್ತಕದಲ್ಲಿ ಗೈರುಹಾಜರಿ. ಅದಕ್ಕೂ ಬಿಇಓ ಕಚೇರಿಗೆ ಅರ್ಜಿ ಹಾಕಿದೆ. ‘ಸದರಿ ವಿಷಯವು ಶಾಲಾ ಆಡಳಿತ ಮಂಡಳಿಯ ವ್ಯಾಪ್ತಿಗೆ ಬರುತ್ತದೆ’ ಅಂತ ಹಿಂಬರಹ ಬಂತು. ಅಲ್ಲಿಗೆ ಬಿಟ್ಟೆ. ಮುಚ್ಚಳಿಕೆಗೆ ನಾನೂ ಸಹಿ ಹಾಕಿದೆ. ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ. ಮನೆಗೆ ಬರುವಾಗ ಬೈಕಿನಲ್ಲಿ ಹಿಂದೆ ಕೂತಿದ್ದ ಮಗನಿಗೆ, “ಆವತ್ತು ಕೇಳದೆ ಹೊಡೆದೆ ಕಣೋ” ಅಂದೆ. ಹೆಲ್ಮೆಟ್ ಒಳಗಿಂದ ಕೇಳಿಸಿತೋ ಇಲ್ಲವೋ, “ಹ್ಞೂಂ” ಅಂದ ಹಾಗಾಯಿತು.

ಆ ಇನ್ನೊಬ್ಬ ತಾಯಿಯನ್ನು ಹುಡುಕಿಕೊಂಡು ಹೋಗಲು ನನಗೆ ಮತ್ತೂ ಎರಡು ವಾರ ಬೇಕಾಯಿತು. ಧೈರ್ಯ ಇರಲಿಲ್ಲ ಅಂದರೆ ಸರಿಯಾದೀತು. ಗಾರ್ಮೆಂಟ್ಸ್ ಬಸ್ಸು ಇಳಿಯುವ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ನನ್ನ ಮಗನ ವಿಷಯ ಹೀಗೆ ಹೀಗೆ ಆಯಿತು, ನಿಮ್ಮ ಹುಡುಗನಿಗೂ ಒಂದು ಅರ್ಜಿ ಬರೆಯೋಣ, ಸಹಿ ಒತ್ತಾಯದಿಂದ ಹಾಕಿಸಿಕೊಂಡರು ಅಂತ ಹೇಳೋಣ ಅಂದೆ. ಅವರು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಟಿಸಿಯ ಜೆರಾಕ್ಸ್ ತೋರಿಸಿದರು. ನಡತೆ: ಉತ್ತಮ. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆಯ ಮೇರೆಗೆ.

“ಸರ್ಕಾರಿ ಹೈಸ್ಕೂಲಿಗೆ ಸೇರಿಸಿದೀನಿ ಅಣ್ಣ. ಮಧ್ಯಾಹ್ನ ಊಟ ಕೊಡ್ತಾರೆ, ಫೀಸೂ ಇಲ್ಲ. ಅರ್ಜಿ ಅಂತ ರಜಾ ಹಾಕಿದ್ರೆ ನನ್ನ ದಿನದ ಸಂಬಳ ಹೋಗುತ್ತೆ. ಬಿಡಿ.”

“ಅವನೇ ಮಾಡಿದ್ದಾ ಅಂತ ಸ್ಕೂಲಲ್ಲಿ ಕೇಳಿದ್ರಾ?”

“ಇಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ನಾನೂ ಕೇಳಿಲ್ಲ” ಅಂದರು.

ಮೂವತ್ತು ರೂಪಾಯಿ ಮಡಚಿ ಅಂಗೈಯಲ್ಲಿ ಇಟ್ಟುಕೊಂಡು ಹೋಗಿದ್ದೆ, ವಾಪಸ್ ಕೊಡೋಣ ಅಂತ. ಕೊಡಲು ಹೋದೆ. ಅವರಿಗೆ ಮೊದಲು ಯಾವ ದುಡ್ಡು ಅಂತಲೇ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಕೈ ಹಿಂದಕ್ಕೆ ತಗೊಂಡರು.

“ಯಾಕೆ ಅಣ್ಣ, ಟೈಪ್ ಮಾಡಿದ್ದೀರಲ್ಲ.”